ರೇವಣಸಿದ್ದಯ್ಯ ಮಾಸ್ತರರು ಅವಲಕ್ಕಿಗೆ ಉತ್ತರ ಹೇಳಿದ್ದು

ಚಿತ್ತಾಪುರದಲ್ಲಿ ಈ ಸಂಗತಿಯನ್ನು ಹೇಳುವವರು, ರೇವಣಸಿದ್ದಯ್ಯ ಮಾಸ್ತರರ ತಪ್ಪು ಏನೂ ಇರಲಿಲ್ಲ ಎಂಬ ಮಾತಿನಿಂದಲೇ ಆರಂಭಿಸುತ್ತಾರೆ. ಸೇಡಮಿನ ಕಡೆ ಹೇಳುವವರು ತಪ್ಪೆಲ್ಲ ಅವರದೇ ಎನ್ನುತ್ತಾರೆ. ವಾಡಿ ಸ್ಟೇಶನ್ನಿನಲ್ಲಿ ಚಹಾ ಮಾರುವವರ ಪ್ರಕಾರ ಮಾಸ್ತರರಿಗೆ ತಪ್ಪು ಮಾಡುವಷ್ಟು ತ್ರಾಣವೇ ಇರಲಿಲ್ಲ. ಮೂರು ಪಾಠಗಳನ್ನೂ ಒಟ್ಟಿಗಿಟ್ಟು ನೋಡಿದರೆ ಮೂರನೆಯದೇ ನಿಜಕ್ಕೆ ಹತ್ತಿರವೆಂದು ತೋರುತ್ತದೆ.

ಸಾವಿರದ ಒಂಬೈನೂರ ಐವತ್ತನಾಲ್ಕರ ಶ್ರಾವಣ ಅದು. ಹೈದರಾಬಾದ್ ರಾಜ್ಯದ ಶಾಲೆಗಳು ಉರ್ದುವನ್ನು ಬಿಟ್ಟು ಕನ್ನಡಕ್ಕೆ ಹೊರಳಿ ಕೆಲವೇ ವರ್ಷಗಳಾಗಿದ್ದವು. ಮಾಸ್ತರರು ವಿಜ್ಞಾನವನ್ನು ಕಲಿತದ್ದು ಉರ್ದುವಿನಲ್ಲಿ, ಕಲಿಸಬೇಕಾದದ್ದು ಕನ್ನಡದಲ್ಲಿ. ಒಂದೊಂದು ವಾಕ್ಯವನ್ನೂ ತಲೆಯೊಳಗೆ ಒಮ್ಮೆ ಮಗುಚಿ ಹಾಕಿ ಹೊರಗೆ ಬಿಡುವಷ್ಟರಲ್ಲಿ ಗಂಟೆ ಬಾರಿಸುತ್ತಿತ್ತು. ಅವರ ಮನೆ ಶಹಾಬಾದದಲ್ಲಿ, ಶಾಲೆ ಚಿತ್ತಾಪುರದಲ್ಲಿ. ಬೆಳಕು ಹರಿಯುವ ಮೊದಲೇ ಒಂದು ಗಾಡಿ ಹತ್ತಿ ವಾಡಿಯಲ್ಲಿ ಇಳಿಯುವುದು, ಅಲ್ಲಿ ಕಾಯುವುದು, ಇನ್ನೊಂದು ಗಾಡಿ ಹತ್ತಿ ಚಿತ್ತಾಪುರದಲ್ಲಿ ಇಳಿಯುವುದು. ಸಂಜೆ ಇದನ್ನೇ ಹಿಂದುಮುಂದಾಗಿ ಮಾಡುವುದು. ಹೀಗೆ ನಾಲ್ಕು ವರ್ಷ. ಅವರ ಹೆಂಡತಿ ನೀಲಾಬಾಯಿ, ಮಕ್ಕಳಿಗೆ ಅಪ್ಪನ ಮುಖ ರವಿವಾರ ಮಾತ್ರ ಗುರುತು ಸಿಗುತ್ತದೆ ಎಂದು ನೆರೆಯವರ ಮುಂದೆ ಹೇಳತೊಡಗಿದ್ದರು.

ಆದ್ದರಿಂದ ಮಾಸ್ತರರಿಗೆ ಈ ಲೋಕದಲ್ಲಿ ಉಳಿದಿದ್ದುದು ಒಂದೇ ಆಸೆ: ಶಹಾಬಾದದ ಶಾಲೆಗೆ ವರ್ಗವಾಗಬೇಕು. ಅಲ್ಲಿನ ವಿಜ್ಞಾನದ ಮಾಸ್ತರರು ದೀಪಾವಳಿಗೆ ನಿವೃತ್ತರಾಗುವವರಿದ್ದರು. ಅರ್ಜಿ ಹೋಗಿತ್ತು. ಇನ್ನು ಬೇಕಾದದ್ದು ಶಾಲಾ ಇನ್ಸ್‌ಪೆಕ್ಟರ್ ವೆಂಕಟೇಶರಾಯರ ಶಿಫಾರಸು. ಅವರು ಹದಿನೈದು ದಿನಗಳಲ್ಲಿ ಕಲಬುರಗಿಯಿಂದ ತಪಾಸಣೆಗೆ ಬರುವವರಿದ್ದರು.

"ಪಾಠ ಛಲೋ ಆತಂದ್ರ ನಿಮ್ಮ ಕೆಲ್ಸ ಆತಂತ ತಿಳೀರಿ," ಎಂದರು ಮುಖ್ಯೋಪಾಧ್ಯಾಯ ಗುರುಲಿಂಗಯ್ಯನವರು. "ಅಲ್ಲೀತನಕ ಊರಾಗ ಯಾರ ಬಾಯಿಗೂ ಬೀಳಬ್ಯಾಡ್ರಿ. ಸಾಹೇಬರ ಖಾಸ ಅಕ್ಕ ಇದೇ ಊರಾಗ ಇರ್ತಾಳ, ಬ್ರಾಹ್ಮಣರ ಗಲ್ಲ್ಯಾಗ. ಪದ್ಮಾಬಾಯಿ ಅಂತ. ಆಕಿ ಮೊಮ್ಮಗಳು ನಿಮ್ಮ ಕ್ಲಾಸಿನಾಗ ಅದಾಳ."

"ನಾ ಯಾರ ಬಾಯಿಗಿ ಬೀಳಲ್ರಿ," ಎಂದರು ಮಾಸ್ತರರು. "ನನಗ ಬೀಳಾಕ ಪುರಸತ್ತಿಲ್ಲ."

ಎರಡೇ ದಿನಕ್ಕೆ ಬಿದ್ದರು.

ಅಂದು ಶ್ರಾವಣ ಸೋಮವಾರ. ಮಾಸ್ತರರದು ಒಪ್ಪತ್ತು, ಅದೂ ಮನೆಗೆ ಮುಟ್ಟಿದ ಮೇಲೆ. ಹೊಟ್ಟೆಯಲ್ಲಿ ಏನೂ ಇಲ್ಲದೆ ಅವರು ಏಳನೆಯ ತರಗತಿಗೆ ಪದಾರ್ಥಗಳ ಬದಲಾವಣೆಯ ಪಾಠ ಹೇಳಿದರು. ಉದಾಹರಣೆಗೆ ಹುಡುಕಾಡಬೇಕಾಗಿರಲಿಲ್ಲ.

"ಶಹಾಬಾದ ಕಲ್ಲು ಖಣಿಯಿಂದ ತಗದು ನೆಲಕ್ಕ ಹಾಸಾ ಪರಸಿ ಮಾಡ್ತಾರ. ಕೊರೀತಾರ, ತಿಕ್ಕಿ ನುಣ್ಣಗ ಮಾಡ್ತಾರ. ಆಕಾರ ಬದಲಾತು, ಕಲ್ಲು ಕಲ್ಲೇ ಉಳೀತು. ಇದು ಭೌತಿಕ ಬದಲಾವಣೆ. ಅದೇ ಕಲ್ಲು ಭಟ್ಟ್ಯಾಗ ಹಾಕಿ ಸುಟ್ರ ಸುಣ್ಣ ಆಗ್ತದ. ಸುಣ್ಣಕ್ಕ ನೀರು ಹಾಕಿದ್ರ ಕುದೀತದ. ಕಲ್ಲಿಗಿ ನೀರು ಹಾಕಿದ್ರ ಕುದಿಯಲ್ಲ. ಅಂದ್ರ ಅದು ಹೊಸಾ ಪದಾರ್ಥ. ಇದು ರಾಸಾಯನಿಕ ಬದಲಾವಣೆ. ತಿಳೀತಾ?"

ತಿಳಿಯಿತೆಂದು ಎಲ್ಲರೂ ಒಂದೇ ದನಿಯಲ್ಲಿ ಹೇಳಿದರು. ಭಾಮಾ ಎಂಬ ಹುಡುಗಿ ಮಾತ್ರ ಕೈ ಎತ್ತಿದಳು. ಇವಳೇ ಆ ಮೊಮ್ಮಗಳು.

"ಸರ, ಅಕ್ಕಿ ಕುಟ್ಟಿ ಅವಲಕ್ಕಿ ಮಾಡ್ತಾರಲ್ರಿ, ಅದು ಯಾವ ಬದಲಾವಣೆ?"

ಮಾಸ್ತರರು ಅವಲಕ್ಕಿಯನ್ನು ತಿಂದವರೇ ಹೊರತು ಮಾಡುವುದನ್ನು ಕಂಡವರಲ್ಲ. ಹಸಿದ ಹೊಟ್ಟೆಯವನೆದುರು ಅವಲಕ್ಕಿಯ ಮಾತು ಬಂದರೆ ಉತ್ತರ ಬೇಗ ಬರುತ್ತದೆ. "ಕುಟ್ಟಿದ್ರ ಚಪ್ಪಟಿ ಆಗ್ತದ. ಅಷ್ಟ. ಭೌತಿಕ ಬದಲಾವಣೆ. ಅಕ್ಕಿ ಅಕ್ಕೀನ."

ಭಾಮಾ ಅದನ್ನು ಬರೆದುಕೊಂಡಳು. ಮನೆಗೆ ಹೋಗಿ ಗಟ್ಟಿಯಾಗಿ ಓದಿದಳು.

ಇಲ್ಲಿ ಪದ್ಮಾಬಾಯಿಯವರ ಮನೆಯ ಒಂದು ವಾಡಿಕೆಯನ್ನು ತಿಳಿಸಬೇಕು. ಏಕಾದಶಿಯ ದಿನ ಅವರ ಮನೆಯಲ್ಲಿ ಅಕ್ಕಿ ಬೇಯುವುದಿಲ್ಲ. ಅನ್ನ ನಿಷಿದ್ಧ. ಏನೂ ಇಲ್ಲದೆ ಇರಲಾರದವರಿಗೆ ಅವಲಕ್ಕಿಯ ಫಲಾಹಾರ. ಇದು ಅವರ ಅತ್ತೆಯವರ ಕಾಲದಿಂದ ನಡೆದುಬಂದದ್ದು. ಆ ಮನೆಯಲ್ಲಿ ಏನೂ ಇಲ್ಲದೆ ಇರಲಾರದವರೆಂದರೆ ಮುಖ್ಯವಾಗಿ ಪದ್ಮಾಬಾಯಿಯವರ ಯಜಮಾನರು, ತಹಸೀಲ ಕಚೇರಿಯಿಂದ ಪೆನ್ಶನ್ ಪಡೆದ ಜಯತೀರ್ಥರಾಯರು. ಸೋಮವಾರ ದಶಮಿ. ಅವಲಕ್ಕಿ ಆಗಲೇ ಮೊರದಲ್ಲಿ ಹಸನಾಗಿ ಕುಳಿತಿತ್ತು.

ಮಂಗಳವಾರ ಬೆಳಿಗ್ಗೆ ಮಾಸ್ತರರು ಶಾಲೆ ಮುಟ್ಟುವಾಗ ಪದ್ಮಾಬಾಯಿಯವರು ಕಟ್ಟೆಯ ಮೇಲೆ ಕುಳಿತಿದ್ದರು. ರಾಯರು ಹಿಂದೆ ಛತ್ರಿ ಹಿಡಿದು ನಿಂತಿದ್ದರು. ಅವರ ಮುಖದಲ್ಲಿ ಬೆಳಗಿನ ಫಲಾಹಾರ ಆಗಿಲ್ಲವೆಂಬುದು ಸ್ಪಷ್ಟವಾಗಿ ಕಾಣುತ್ತಿತ್ತು.

"ಮಾಸ್ತರ, ಅವಲಕ್ಕಿ ಅಂದ್ರ ಅಕ್ಕೀನ ಅಂತ ನೀವು ಹೇಳಿದ್ದು ಖರೇನ?" ಎಂದು ಪದ್ಮಾಬಾಯಿಯವರು ಕೇಳಿದರು.

"ಹೌದ್ರಿ ಅವ್ವಾರ. ಪುಸ್ತಕದ ಪ್ರಕಾರ..."

"ನಾ ಈ ಮನಿಗೆ ಬಂದು ಮೂವತ್ತೇಳು ವರ್ಷ. ವರ್ಷಕ್ಕ ಇಪ್ಪತ್ನಾಲ್ಕು ಏಕಾದಶಿ. ಭಾಮಾ ಲೆಕ್ಕಾ ಮಾಡ್ಯಾಳ, ಎಂಟುನೂರ ಎಂಬತ್ತೆಂಟು ಆಗ್ತಾವ. ಅಧಿಕಮಾಸದ್ದು ಬ್ಯಾರೆ. ಇಷ್ಟೂ ದಿವಸ ನಾ ಇವರಿಗೆ ಅಕ್ಕಿ ತಿನಿಸೀನಿ ಅಂದಂಗಾತು."

"ನನ್ನ ಕಡಿಂದ ಏನೂ ತಕರಾರಿಲ್ಲ," ಎಂದರು ರಾಯರು.

"ನೀವು ಸುಮ್ನಿರ್ರಿ. ನಿಮ್ಮ ಪಾಪ ನಿಮಗ ಗೊತ್ತಾಗೂದಿಲ್ಲ."

"ಅವ್ವಾರ, ಅದು ಸಾಲಿ ಪಾಠ," ಎಂದರು ಮಾಸ್ತರರು. "ವ್ರತಕ್ಕೂ ಅದಕ್ಕೂ..."

"ಶಾಲ್ಯಾಗ ಸುಳ್ಳು ಹೇಳಿಕೊಡ್ತೀರೇನು?"

ಸುಳ್ಳೆಂದರೆ ನೌಕರಿ ಹೋಗುತ್ತದೆ, ನಿಜವೆಂದರೆ ಮೂವತ್ತೇಳು ವರ್ಷದ ಪುಣ್ಯ ಹೋಗುತ್ತದೆ. ಮಾಸ್ತರರು ಗಂಟೆಯ ಕಡೆ ನೋಡಿದರು. ಅದೃಷ್ಟಕ್ಕೆ ಗಂಟೆ ಬಾರಿಸಿತು.

ಅಂದು ಸಂಜೆಯೊಳಗೆ ಗಲ್ಲಿಯ ಹನ್ನೊಂದು ಮನೆಗಳಲ್ಲಿ ಅವಲಕ್ಕಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಬಿಗಿದರು. ಸೇಡಮಿನ ಪಾಠದಲ್ಲಿ ನಲವತ್ತು ಮನೆಗಳೆಂದಿದೆ. ಆಗ ಆ ಗಲ್ಲಿಯಲ್ಲಿ ಅಷ್ಟು ಮನೆಗಳಿರಲಿಲ್ಲ. ಪದ್ಮಾಬಾಯಿಯವರು ತಮ್ಮನಿಗೆ ಒಂದು ಕಾರ್ಡು ಬರೆದರು. ಬುಧವಾರ ಇನ್ನೊಂದು ಬರೆದರು.

ಗುರುವಾರ ಅವಲಕ್ಕಿ ಭಟ್ಟಿಯ ಮಾಲೀಕ ನಾಗೇಂದ್ರಪ್ಪನವರು ಶಾಲೆಗೆ ಬಂದರು. ಅವರು ಸಿಟ್ಟಿನಿಂದ ಬರಲಿಲ್ಲ. ಒಂದು ಗಂಟಿನಲ್ಲಿ ಭತ್ತ, ಇನ್ನೊಂದರಲ್ಲಿ ಅವಲಕ್ಕಿ ಹಿಡಿದು, ಕೋರ್ಟಿಗೆ ದಾಖಲೆ ತಂದವರಂತೆ ಬಂದರು.

"ಮಾಸ್ತರ, ನೀವು ನಮ್ಮ ಭಟ್ಟಿ ನೋಡೀರೇನು?"

"ಇಲ್ರಿ ಗೌಡ್ರ. ನಾ ಸ್ಟೇಶನ್ ಬಿಟ್ರ ಸಾಲಿ, ಸಾಲಿ ಬಿಟ್ರ ಸ್ಟೇಶನ್."

"ಅದಕ್ಕ ಹಿಂಗಾಗ್ಯದ. ಅಕ್ಕಿ ಕುಟ್ಟಿ ಅವಲಕ್ಕಿ ಮಾಡ್ತಾರಂತ ನಿಮಗ ಯಾರು ಹೇಳಿದ್ರು? ಅಕ್ಕಿ ಕುಟ್ಟಿದ್ರ ನುಚ್ಚಾಗ್ತದ. ಭತ್ತ ನೆನಿ ಹಾಕ್ತೀವಿ. ಮರದಿನ ಕಾದ ಉಸುಕಿನಾಗ ಹುರೀತೀವಿ. ಬಿಸಿ ಇದ್ದಾಗೇ ಕುಟ್ತೀವಿ. ನೀರು, ಬೆಂಕಿ, ಒನಕಿ, ಮೂರೂ ಆಗ್ಬೇಕು. ನೀವು ಎರಡು ಬಿಟ್ಟು ಬರೇ ಒನಕಿ ಹಿಡಕೊಂಡು ಕುಂತೀರಿ."

ಮಾಸ್ತರರು ಎರಡು ಕಾಳು ಭತ್ತವನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿದರು. ನೆನೆಸುವುದು ಭೌತಿಕ. ಕುಟ್ಟುವುದು ಭೌತಿಕ. ನಡುವೆ ಹುರಿಯುವುದು ನಿಸ್ಸಂದೇಹವಾಗಿ ರಾಸಾಯನಿಕ. ಹುರಿದ ಭತ್ತವನ್ನು ಬಿತ್ತಿದರೆ ಮೊಳೆಯುವುದಿಲ್ಲ. ಹಾಗಾದರೆ ಅವಲಕ್ಕಿ ಅಕ್ಕಿಯಲ್ಲ. ಅದು ಹೊಸ ಪದಾರ್ಥ. ನಾಲ್ಕು ದಿನಗಳಲ್ಲಿ ಮೊದಲ ಬಾರಿ ಅವರ ಬೆನ್ನು ಸ್ವಲ್ಪ ನೆಟ್ಟಗಾಯಿತು.

"ಗೌಡ್ರ, ನೀವು ನನ್ನ ಶಹಾಬಾದದ ಬದ್ಲಿ ಉಳಿಸಿದ್ರಿ."

"ನಿಮ್ಮ ಬದ್ಲಿ ಹಂಗಿರ್ಲಿ. ನೀವು ನನ್ನ ಭಟ್ಟಿ ಉಳಿಸ್ರಿ. ಗಲ್ಲ್ಯಾಗ ನನ್ನ ಮಾಲು ಮುಟ್ಟವಲ್ರು. ಹುರಿಯವ್ನು ಉಸುಕು ಹಾಸಿಕೊಂಡು ಮಕ್ಕೊಂಡಾನ."

ಮಧ್ಯಾಹ್ನದ ಬಿಡುವಿನಲ್ಲಿ ಮಾಸ್ತರರು ಬ್ರಾಹ್ಮಣರ ಗಲ್ಲಿಗೆ ಹೋಗಿ, ಪದ್ಮಾಬಾಯಿಯವರ ಪಡಸಾಲೆಯ ಹೊರ ತುದಿಯಲ್ಲಿ ಕುಳಿತು, ತಮ್ಮ ಹೊಸ ತೀರ್ಮಾನವನ್ನು ವಿಸ್ತಾರವಾಗಿ ಹೇಳಿದರು. ಬೆಂಕಿ ಬಿದ್ದಿದೆ, ಗುಣ ಬದಲಾಗಿದೆ, ಅದು ಅಕ್ಕಿಯಲ್ಲ. ಎಂಟುನೂರ ಎಂಬತ್ತೆಂಟೂ ಜಮಾ ಇವೆ.

ಪದ್ಮಾಬಾಯಿಯವರು ಕಣ್ಣು ಮುಚ್ಚಿ ದೇವರಮನೆಯ ಕಡೆ ಕೈ ಮುಗಿದರು. "ನೀವು ಬದುಕಿಸಿದ್ರಿ, ಮಾಸ್ತರ," ಎಂದರು. "ಭಾಮಾ, ಮಾಸ್ತರಿಗೆ ನೀರು ಬೆಲ್ಲ ಕೊಡು."

ಬೆಲ್ಲ ಇನ್ನೂ ಬಂದಿರಲಿಲ್ಲ. ಮೂಲೆಯಲ್ಲಿ ಅಡಕೊತ್ತು ಹಿಡಿದು ಕುಳಿತಿದ್ದ ಜಯತೀರ್ಥರಾಯರು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು.

"ಮಾಸ್ತರ, ಬೆಂಕಿ ಬಿದ್ರ ಅಕ್ಕಿ ಅಕ್ಕಿಯಾಗಿ ಉಳಿಯೂದಿಲ್ಲ. ಹೌದಿಲ್ಲೊ?"

"ಹೌದ್ರಿ."

"ಅನ್ನಕ್ಕೂ ಬೆಂಕಿ ಬೀಳ್ತದ."

ರಾಯರು ಅಡಕೊತ್ತನ್ನು ಕೆಳಗಿಟ್ಟರು.

"ಬೆಂದ ಅನ್ನ ಬಿತ್ತಿದ್ರ ಮೊಳೀತದೇನು?" ರಾಯರ ದನಿಯಲ್ಲಿ, ತಹಸೀಲ ಕಚೇರಿಯಲ್ಲಿ ಮೂವತ್ತು ವರ್ಷ ಮಿಸಲು ಕಡತಗಳಲ್ಲಿ ಲೋಪ ಹುಡುಕಿದವರ ಶಾಂತಿ ಇತ್ತು. "ಇಲ್ಲ. ಅಂದ್ರ ಅನ್ನ ಅಂದ್ರ ಅಕ್ಕಿ ಅಲ್ಲ. ಹೊಸಾ ಪದಾರ್ಥ. ಏಕಾದಶಿಗೆ ನಿಷಿದ್ಧ ಇದ್ದದ್ದು ಅಕ್ಕಿ. ಪದ್ದೀ, ಬರೂ ಏಕಾದಶಿಗೆ ನನಗ ಅನ್ನ, ತೊವ್ವೆ. ಮ್ಯಾಲೆ ತುಪ್ಪ."

ಪದ್ಮಾಬಾಯಿಯವರು ಮಾಸ್ತರರನ್ನು ನೋಡಿದರು. ಭಾಮಾ ತಂದ ಬೆಲ್ಲ ಅರ್ಧ ದಾರಿಯಲ್ಲೇ ನಿಂತಿತು.

"ಒಳಗ ಇಡು," ಎಂದರು ಪದ್ಮಾಬಾಯಿಯವರು. "ಸೋಮವಾರ ಅವಲಕ್ಕೀನೂ ಅಕ್ಕಿ ಅಂದ್ರಿ. ಇವತ್ತು ಅನ್ನಾನೂ ಅಕ್ಕಿ ಅಲ್ಲ ಅಂತೀರಿ. ನಮ್ಮ ವೆಂಕಟೇಶ ಬರ್ಲಿ. ಅವನ ಮುಂದ ಇತ್ಯರ್ಥ ಆಗ್ಲಿ. ಅಲ್ಲೀತನಕ ಏಕಾದಶಿಗೆ ಈ ಮನ್ಯಾಗ ಅನ್ನಾನೂ ಇಲ್ಲ, ಅವಲಕ್ಕೀನೂ ಇಲ್ಲ. ಯಾರಿಗೂ ಇಲ್ಲ."

ಮುಂದಿನ ಹತ್ತು ದಿನ ಮಾಸ್ತರರು ಗಾಡಿಯಲ್ಲಿ ನಿದ್ದೆ ಮಾಡಲಿಲ್ಲ. ಇದನ್ನು ವಾಡಿಯವರು ಮುಖ್ಯವಾಗಿ ಹೇಳುತ್ತಾರೆ. ಏಕೆಂದರೆ ಅವರನ್ನು ಎಬ್ಬಿಸಿ ಇಳಿಸುವುದು ಅಲ್ಲಿನ ಹಮಾಲರಿಗೆ ರೂಢಿಯಾಗಿತ್ತು. ಚಿತ್ತಾಪುರದಲ್ಲಿ ದಾರಿಯುದ್ದಕ್ಕೂ ಪ್ರಶ್ನೆಗಳು ಕಾದಿರುತ್ತಿದ್ದವು. ಹಪ್ಪಳ ಒಣಗಿಸಿದರೆ ಯಾವುದು, ಸುಟ್ಟರೆ ಯಾವುದು? ಕಾಲುದಾರಿ ಹಿಡಿದರೆ ಅಲ್ಲಿ ಇಬ್ಬರು ನಿಂತು ಅರಳಿನ ವಿಷಯ ಕೇಳುತ್ತಿದ್ದರು. ಗುರುಲಿಂಗಯ್ಯನವರು ಅವರನ್ನು ಕೋಣೆಗೆ ಕರೆದು, ಸಾಹೇಬರ ಮುಂದೆ ಚುಂಬಕದ ಪಾಠ ಮಾಡಿರೆಂದರು.

"ಚುಂಬಕ ಯಾರೂ ತಿನ್ನಲ್ಲ," ಎಂದು ಕಾರಣವನ್ನೂ ಕೊಟ್ಟರು.

ಆದರೆ ಅಷ್ಟರಲ್ಲಿ ಪದ್ಮಾಬಾಯಿಯವರ ಕಾರ್ಡುಗಳಿಗೆ ಕಲಬುರಗಿಯಿಂದ ಉತ್ತರ ಬಂದಿತ್ತು. ತಪಾಸಣೆಯ ದಿನ ಏಳನೆಯ ತರಗತಿಗೆ ಪದಾರ್ಥಗಳ ಬದಲಾವಣೆಯ ಪಾಠವನ್ನೇ ನೋಡಲಾಗುವುದು. ದಿನಾಂಕವನ್ನು ಪಂಚಾಂಗದಲ್ಲಿ ನೋಡಿದಾಗ ಅದು ಭಾದ್ರಪದ ಶುದ್ಧ ಏಕಾದಶಿಯಾಗಿತ್ತು.

ವೆಂಕಟೇಶರಾಯರು ಬೆಳಗಿನ ಗಾಡಿಗೆ ಇಳಿದು ನೇರವಾಗಿ ಅಕ್ಕನ ಮನೆಗೆ ಹೋದರು. ಪ್ರತಿ ಸಲದಂತೆ ಹಾಲು, ಬೆಲ್ಲ, ಅವಲಕ್ಕಿ ಇರುತ್ತದೆಂಬ ಭರವಸೆಯಿಂದ ಕಲಬುರಗಿಯಲ್ಲಿ ಏನೂ ತೆಗೆದುಕೊಂಡಿರಲಿಲ್ಲ. ಅಕ್ಕ ಒಂದು ತಂಬಿಗೆ ನೀರು ಕೊಟ್ಟಳು. ಇತ್ಯರ್ಥವಾಗುವವರೆಗೆ ಅಷ್ಟೇ ಎಂದಳು. ಹನ್ನೊಂದು ಗಂಟೆಗೆ ಸಾಹೇಬರು ತರಗತಿಯೊಳಗೆ ಬಂದಾಗ ಅವರ ಮುಖ ಸುಟ್ಟ ಸುಣ್ಣದ ಹರಳಿನಂತಿತ್ತು. ನೀರು ಹಾಕಿದರೆ ಕುದಿಯುವ ಹಾಗಿತ್ತು.

ತರಗತಿಯಲ್ಲಿ ಮಕ್ಕಳಿಗಿಂತ ಹಿರಿಯರೇ ಹೆಚ್ಚಿದ್ದರು. ಹಿಂದಿನ ಮಣೆಗಳ ಮೇಲೆ ಪದ್ಮಾಬಾಯಿಯವರೂ ಗಲ್ಲಿಯ ಆರು ಜನ ಮುತ್ತೈದೆಯರೂ ಕುಳಿತಿದ್ದರು. ಕಿಟಕಿಯ ಹೊರಗೆ ಜಯತೀರ್ಥರಾಯರು. ಬಾಗಿಲಲ್ಲಿ ನಾಗೇಂದ್ರಪ್ಪನವರು. ಮೇಜಿನ ಮೇಲೆ ಕಲ್ಲಿನ ಚೂರು, ಸುಣ್ಣದ ಹರಳು, ಭತ್ತ, ಮತ್ತು ನಾಗೇಂದ್ರಪ್ಪನವರು ತಾವೇ ತುಂಬಿಕೊಟ್ಟ ಒಂದು ದೊಡ್ಡ ತಾಟು ಅವಲಕ್ಕಿ.

"ಶುರು ಮಾಡ್ರಿ," ಎಂದರು ಸಾಹೇಬರು. ಅವರ ಕಣ್ಣು ಸುಣ್ಣದ ಮೇಲಿರಲಿಲ್ಲ.

ಮಾಸ್ತರರು ಶುರು ಮಾಡಿದರು. ಕಲ್ಲಿನ ಮೇಲೆ ನೀರು ಹಾಕಿದರು, ಏನೂ ಆಗಲಿಲ್ಲ. ಸುಣ್ಣದ ಮೇಲೆ ಹಾಕಿದರು; ಅದು ಬಿರಿದು, ಉಬ್ಬಿ, ಬುಸುಗುಟ್ಟಿ ಪಾತ್ರೆಯ ಹೊರಗೆ ಬಂತು. ಮುತ್ತೈದೆಯರು ಸೀರೆಯ ನಿರಿಗೆ ಹಿಡಿದು ಹಿಂದೆ ಸರಿದರು. ಆಮೇಲೆ ಭತ್ತ ತೋರಿಸಿದರು, ನೀರು, ಬೆಂಕಿ, ಒನಕೆ ಮೂರನ್ನೂ ಕ್ರಮವಾಗಿ ಹೇಳಿದರು. ಅವಲಕ್ಕಿ ರಾಸಾಯನಿಕ ಬದಲಾವಣೆಯ ಫಲ ಎಂದರು. ನಾಗೇಂದ್ರಪ್ಪನವರು ತಲೆದೂಗಿದರು.

"ಮತ್ತ ಅನ್ನ?" ಎಂದಿತು ಕಿಟಕಿ.

"ರಾಯರ, ಇದು ಕ್ಲಾಸು," ಎಂದರು ಗುರುಲಿಂಗಯ್ಯನವರು.

"ಕೇಳ್ಲಿ ಬಿಡ್ರಿ," ಎಂದರು ಸಾಹೇಬರು. "ನನಗೂ ಅದೇ ಕೇಳೂದಿತ್ತು. ಹೇಳ್ರಿ ಮಾಸ್ತರ. ಅನ್ನ?"

ಅನ್ನ ಭೌತಿಕವೆಂದರೆ ಪಾಠ ತಪ್ಪು, ಶಿಫಾರಸು ಇಲ್ಲ. ರಾಸಾಯನಿಕವೆಂದರೆ ಸಾಹೇಬರ ಅಕ್ಕನ ಮನೆಯಲ್ಲಿ ಏಕಾದಶಿ ಇಲ್ಲ, ಆಗಲೂ ಶಿಫಾರಸು ಇಲ್ಲ. ಜಾಣನಾದವನು ಇಲ್ಲಿ ಮೂರನೆಯದೊಂದನ್ನು ಹುಡುಕುತ್ತಿದ್ದ. ಮಾಸ್ತರರಿಗೆ ಹುಡುಕುವ ಶಕ್ತಿ ಇರಲಿಲ್ಲ. ಅವರು ಒದ್ದೆ ಕೈಯನ್ನು ಧೋತರಕ್ಕೆ ಒರೆಸಿಕೊಂಡರು.

"ಅನ್ನಾನೂ ರಾಸಾಯನಿಕಾನ ರೀ, ರಾಯರ. ಅದರಾಗ ಸುಳ್ಳು ಹೇಳಾಕ ಬರಲ್ಲ. ಆದ್ರ ಈ ಪುಸ್ತಕದಾಗ ಪದಾರ್ಥಕ್ಕ ಏನಾಗ್ತದ ಅಂತ ಅಷ್ಟ ಬರದಾರ. ತಿನ್ನಾವ್ರಿಗಿ ಏನಾಗ್ತದ ಅಂತ ಬರದಿಲ್ಲ. ಆ ಪಾಠ ನಮ್ಮ ಸಾಲ್ಯಾಗ ಇಲ್ಲ." ಅವರು ಪದ್ಮಾಬಾಯಿಯವರ ಕಡೆ ತಿರುಗಿದರು. "ಅವ್ವಾರ, ಅವಲಕ್ಕಿ ನಡೀತದ ಅಂತ ನಿಮಗ ಹೇಳಿಕೊಟ್ಟವ್ರು ಯಾರ್ರಿ?"

"ನಮ್ಮ ಅತ್ತಿ. ಹೋಗಿ ಇಪ್ಪತ್ತು ವರ್ಷ ಆತು."

"ಅವರು ಏನಂದಿದ್ರು?"

ಪದ್ಮಾಬಾಯಿಯವರು ಸೆರಗು ಸರಿಮಾಡಿಕೊಂಡರು. "ಜೀವ ನಿಲ್ಲೂಷ್ಟು ತಿನ್ನು, ಹಸಿವಿ ಹೋಗೂಷ್ಟು ತಿನಬ್ಯಾಡ ಅಂದಿದ್ರು."

"ರಾಯರ," ಎಂದರು ಮಾಸ್ತರರು, "ಅವಲಕ್ಕಿ ತಿಂದ್ರ ಹಸಿವಿ ಹೋಗ್ತದೇನ್ರಿ?"

"ಎಲ್ಲೀದು," ಎಂದರು ಜಯತೀರ್ಥರಾಯರು. ಅವರ ದನಿಯಲ್ಲಿ ಮೂವತ್ತೇಳು ವರ್ಷಗಳ ನೋವಿತ್ತು. "ಒಂದು ತಾಸಿಗೆ ಮತ್ತ ಹೊಟ್ಟಿ ಕರೀತದ."

"ಅನ್ನ, ತೊವ್ವೆ, ತುಪ್ಪ ಉಂಡ್ರ?"

ಕಿಟಕಿಯಲ್ಲಿ ಮುಖ ಉಳಿಯಲಿಲ್ಲ.

"ಮೊದಲ ದಿವಸ ಇಷ್ಟು ಹೇಳಿದ್ರ ಆಗ್ತಿದ್ದಿಲ್ಲೇನ್ರಿ," ಎಂದು ಪದ್ಮಾಬಾಯಿಯವರು ಎದ್ದರು. ಹದಿನೈದು ದಿನಗಳ ಬಿಗಿ ಅವರ ಮುಖದಿಂದ ಇಳಿದಿತ್ತು. ಅವರು ಮುಂದೆ ಬಂದು ಮೇಜಿನ ಮೇಲಿನ ತಾಟನ್ನು ತಮ್ಮನ ಕಡೆ ಸರಿಸಿದರು. "ತಿನ್ನೊ ವೆಂಕ್ಯಾ. ಅರ್ಧ ತಿನ್ನು. ಅರ್ಧ ನಿಮ್ಮ ಭಾವಗ ಬಿಡು."

ಸಾಹೇಬರು ತರಗತಿಯ ಎದುರಿಗೇ ಕುಳಿತು, ಹಾಲು ಬೆಲ್ಲಗಳಿಗೆ ಕಾಯದೆ, ಒಣ ಅವಲಕ್ಕಿಯನ್ನು ತಿಂದರು. ಏಳನೆಯ ತರಗತಿ ಅದನ್ನು ಪಾಠದ ಭಾಗವೆಂದೇ ತಿಳಿದು ನೋಡಿತು. ಆಮೇಲೆ ನೀರು ಕುಡಿದು, ಲೇಖನಿ ತೆರೆದು, ತಪಾಸಣೆಯ ಪುಸ್ತಕದಲ್ಲಿ ಬಹಳ ಹೊತ್ತು ಬರೆದರು. ಶಹಾಬಾದದ ನೀಲಾಬಾಯಿಯವರಿಗೆ ಇವತ್ತೇ ಸಂಜೆ ಸುದ್ದಿ ಹೇಳಬಹುದೆಂದು ಮಾಸ್ತರರ ಮನಸ್ಸು ಆಗಲೇ ಗಾಡಿ ಹತ್ತಿತ್ತು.

ಗುರುಲಿಂಗಯ್ಯನವರು ಷರಾ ಓದಿದರು: "ಪಾಠವು ಅತ್ಯುತ್ತಮವಾಗಿತ್ತು. ಈ ಶಿಕ್ಷಕರು ವಿಜ್ಞಾನವನ್ನು ಊರಿನ ಮನೆಮನೆಗೂ ಮುಟ್ಟಿಸಿದ್ದಾರೆ. ಇಂಥವರನ್ನು ಯಾವ ಕಾರಣಕ್ಕೂ ಚಿತ್ತಾಪುರದಿಂದ ಕದಲಿಸಬಾರದು."

"ಸಾಹೇಬರ," ಎಂದರು ಮಾಸ್ತರರು, "ನನ್ನ ಅರ್ಜಿ ಒಂದಿತ್ತು."

"ನೋಡೀನ್ರಿ." ವೆಂಕಟೇಶರಾಯರು ದನಿ ತಗ್ಗಿಸಿದರು. "ನಮ್ಮ ಅಕ್ಕ ಹದಿನೈದು ದಿವಸದಾಗ ನನಗ ಆರು ಕಾರ್ಡು ಬರದಾಳ. ಈಗ ಆಕಿಗೆ ನಿಮ್ಮ ಮ್ಯಾಲೆ ವಿಶ್ವಾಸ ಬಂದದ. ನಿಮ್ಮನ್ನ ಶಹಾಬಾದಕ್ಕ ಕಳಿಸಿದೆ ಅಂದ್ರ ಆಕಿ ಪ್ರಶ್ನೆ ಎಲ್ಲಾ ನನ್ನ ಕಡಿಗೆ ಬರ್ತಾವ. ಒಂದು ಮೂರು ವರ್ಷ ತಡೀರಿ."

ಸಾಹೇಬರು ಹೋದರು, ಗುರುಲಿಂಗಯ್ಯನವರು ಅವರನ್ನು ಕಳಿಸಲು ಹೋದರು, ನಾಗೇಂದ್ರಪ್ಪನವರು ಭಟ್ಟಿ ಹೊತ್ತಿಸಲು ಹೋದರು. ಮಕ್ಕಳನ್ನೂ ಬಿಟ್ಟಾಯಿತು. ಖಾಲಿ ತರಗತಿಯಲ್ಲಿ ಪದ್ಮಾಬಾಯಿಯವರು ಮಾತ್ರ ಬಾಗಿಲ ತನಕ ಹೋಗಿ ಮರಳಿ ಬಂದರು.

"ಮಾಸ್ತರ, ಇನ್ನೊಂದು ಕೇಳೂದು ಉಳೀತು. ನಾಳಿಂದ ನಮಗ ಕ್ಷೀರವ್ರತ. ಒಂದು ತಿಂಗಳು ಹಾಲು ಮುಟ್ಟೂಹಂಗಿಲ್ಲ. ಮೊಸರು ನಡೀತದ. ಇಷ್ಟು ವರ್ಷ ಏನೂ ಅನಿಸಿದ್ದಿಲ್ಲ. ಈಗ ನಿಮ್ಮ ಪಾಠ ಕೇಳಿದ ಮ್ಯಾಲೆ, ಮೊಸರು ಅಂದ್ರ ಹಾಲೇನೋ, ಅಲ್ಲೇನೋ ಅಂತ ಒಂದು ಸಂಶಯ ಶುರುವಾಗ್ಯದ."

ಮಾಸ್ತರರು ಕುರ್ಚಿಯನ್ನು ಎಳೆದುಕೊಂಡು ಅಂದು ಮೊದಲ ಬಾರಿಗೆ ಕುಳಿತರು. ಮೇಜಿನ ಮೇಲೆ ಚೆಲ್ಲಿದ ಸುಣ್ಣವನ್ನು ಅಂಗೈಯಿಂದ ಒಂದು ಬದಿಗೆ ಸರಿಸಿದರು.

"ಕುಂದ್ರಿ ಅವ್ವಾರ," ಎಂದರು. "ಹೆಪ್ಪು ಎಷ್ಟು ಹಾಕ್ತೀರಿ, ಹೇಳ್ರಿ."